ಅಪ್ಪಣೆಗೆ ಕಾಯದ ಹಿರಿಯರು

ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯಲ್ಲಿರುವ ಯುಯೆಂಡುಮು ವಾರ್ಲ್‌ಪಿರಿ ಮೂಲನಿವಾಸಿಗಳ ಊರು. ತೊಂಬತ್ತರ ದಶಕದಲ್ಲಿ ಅಲ್ಲಿನ ಹದಿಹರೆಯದವರಲ್ಲಿ ಅನೇಕರು ಪೆಟ್ರೋಲ್ ಮೂಸುತ್ತಿದ್ದರು. ಅಮಲು ಅಗ್ಗ, ಮಿದುಳಿಗೆ ಆಗುವ ಹಾನಿ ಘೋರ. 1994ರಲ್ಲಿ ಪೆಗ್ಗಿ ಬ್ರೌನ್ ಮತ್ತಿತರ ಹಿರಿಯರು ಯಾರ ಅಪ್ಪಣೆಗೂ ಕಾಯದೆ ಈ ಮಕ್ಕಳನ್ನು ಬಲು ದೂರದ ಮೌಂಟ್ ಥಿಯೋಗೆ ಕರೆದೊಯ್ದರು. ಅಲ್ಲಿ ಪೆಟ್ರೋಲ್ ಕೈಗೆಟುಕದು. ಬೇಟೆ, ಪೂರ್ವಜರ ಕಥೆ, ಅಜ್ಜಿ-ತಾತಂದಿರ ಕಣ್ಗಾವಲು ಇದ್ದವು. ಊರಲ್ಲಿ ಉಳಿದವರಿಗೂ ಸಂಜೆ ಕಳೆಯಲು ಆಟ, ಡಿಸ್ಕೊ ಏರ್ಪಾಡಾದವು. ಒಂದು ದಶಕ ತುಂಬುವ ಮೊದಲೇ ಊರಿನಲ್ಲಿ ಆ ಚಟ ಹೆಚ್ಚುಕಡಿಮೆ ನಿಂತುಹೋಯಿತು.

ಸರ್ಕಾರ ಎಚ್ಚೆತ್ತದ್ದು ನಿಧಾನವಾಗಿ, ಎಂದಿನಂತೆ. 2005ರಲ್ಲಿ ಬಂದ ‘ಓಪಲ್’ ಇಂಧನದಲ್ಲಿ ಅಮಲೇರಿಸುವ ರಾಸಾಯನಿಕಗಳು ತೀರಾ ಕಡಿಮೆ. ಅದು ತಲುಪಿದ ಊರುಗಳಲ್ಲಿ ಮೂಸುವವರ ಸಂಖ್ಯೆ ಗಣನೀಯವಾಗಿ ಇಳಿಯಿತು. ಆದರೂ ಕೆಲವು ಬಂಕ್ ಮಾಲೀಕರು ಅದನ್ನು ಮಾರಲು ಒಪ್ಪಲಿಲ್ಲ. 2013ರಲ್ಲಿ ಸಂಸತ್ತು ಕಾನೂನನ್ನೇ ತರಬೇಕಾಯಿತು. ಮಕ್ಕಳ ಮಿದುಳಿಗಿಂತ ಗಿರಾಕಿಯ ಗೊಣಗಾಟ ದೊಡ್ಡದಾಗಿ ಕಂಡವರಿಗೆ ಬುದ್ಧಿಮಾತು ನಾಟುವುದಿಲ್ಲ.

ಇಂಧನ ಬದಲಾದರೆ ಒಂದು ಚಟದ ಬಾಗಿಲು ಮುಚ್ಚುತ್ತದೆ. ಗಾಂಜಾ, ಮದ್ಯದ ಬಾಗಿಲು ತೆರೆದೇ ಇರುತ್ತದೆ. ಕೆಲಸವಿಲ್ಲದ ಊರಿನ ಬೇಸರವೂ ಹಾಗೇ ಉಳಿಯುತ್ತದೆ. ಆದ್ದರಿಂದ ಪುನರ್ವಸತಿಯ ಅನುದಾನ ನಗರದ ಕೇಂದ್ರಗಳಿಗಷ್ಟೇ ಸಲ್ಲಬಾರದು. ಮಕ್ಕಳ ಭಾಷೆ, ನಂಟು, ನೆಲ ಬಲ್ಲ ಇಂಥ ಹಿರಿಯರಿಗೆ ಸೇವೆಯ ಹೊಗಳಿಕೆ ಸಾಲದು, ಸಂಬಳವನ್ನೂ ಕೊಡಬೇಕು.