ಬೇಡವೆನ್ನುವ ವಿದ್ಯೆ

ಅಮೆರಿಕಾ ದೇಶದಲ್ಲಿರುವ ನಮ್ಮ ತಂಗಿಯ ಮಗಳು ವಿಮಾನ ನಡೆಸುವ ಅನುಮತಿಪತ್ರವನ್ನು ಪಡೆಯಲೆಳಸಿ, "ಮಾವ, ಪರೀಕ್ಷೆಗೆ ಹೇಗೆ ಸಿದ್ಧಳಾಗಲಿ?" ಎಂದು ಕೇಳಿದ್ದಳು. "ಯಾವ ಪ್ರಶ್ನೆಯನ್ನೂ ಬಿಡಬೇಡ" ಎಂದು ನಾವು ಉಪಾಧ್ಯಾಯರ ವಾಡಿಕೆಯಂತೆ ಉತ್ತರವಿತ್ತೆವು.

ಅಲ್ಲಿಯ ಸಾಮಾನ್ಯ ನಿಯಮದಂತೆ ಕನಿಷ್ಠ 40 ಗಂಟೆಗಳ ಹಾರಾಟದ ಅಭ್ಯಾಸವಿರತಕ್ಕದ್ದು. ಪರೀಕ್ಷಕರು ಮೊದಲು ನೆಲದ ಮೇಲೆಯೇ ಹವೆ, ನಕ್ಷೆ, ಭಾರಗಳ ವಿಷಯವಾಗಿ ಪ್ರಶ್ನಿಸುವರು, ಬಳಿಕ ಆಕಾಶದಲ್ಲಿ ಪಕ್ಕದಲ್ಲಿ ಕುಳಿತು, ಎಂಜಿನಿನ ವೇಗವನ್ನು ತಟ್ಟನೆ ತಗ್ಗಿಸಿ, "ಎಂಜಿನ್ ನಿಂತಿತೆಂದು ತಿಳಿಯಿರಿ, ಎಲ್ಲಿ ಇಳಿಯುವಿರಿ?" ಎನ್ನುವರು.

ಆಕೆಯ ಪರೀಕ್ಷೆಯ ದಿನ ಮಾತಿನ ಭಾಗವು ಮುಗಿಯುವಷ್ಟರಲ್ಲಿ ಅಡ್ಡಗಾಳಿಯು ಆಕೆಯ ಅಭ್ಯಾಸವನ್ನು ಮೀರಿ ಬೀಸತೊಡಗಿತು. ಪರೀಕ್ಷಕರು ಸುಮ್ಮನಿದ್ದರು. ತಿಂಗಳುಗಟ್ಟಲೆ ಕಾದಿದ್ದ ಹುಡುಗಿ ಕಿಟಕಿಯಿಂದ ಗಾಳಿಚೀಲವನ್ನು ನೋಡಿ, "ಇಂದು ಹಾರಲಾರೆನು" ಎಂದಳು. ಪರೀಕ್ಷೆಯು ಅಲ್ಲಿಗೆ ನಿಂತಿತೆಂದು ಅವರು ಪತ್ರ ಬರೆದುಕೊಟ್ಟರು. ಅದು ಸೋಲಲ್ಲ, 60 ದಿನಗಳೊಳಗೆ ಉಳಿದುದನ್ನು ಮುಗಿಸಿದರೆ ಗೆದ್ದ ಭಾಗವು ಗೆದ್ದಂತೆಯೇ. ಮೂರು ವಾರಗಳ ಬಳಿಕ ಆಕೆ ಉತ್ತೀರ್ಣಳಾದಳು.

ನಾವಾದರೋ, ಅಷ್ಟು ವರ್ಷ ಪಾಠ ಹೇಳಿಯೂ "ನನ್ನಿಂದಾಗದು" ಎಂದ ಬಾಲಕನಿಗೆ ಒಂದು ಅಂಕವನ್ನೂ ಕೊಟ್ಟವರಲ್ಲ. ತನ್ನ ಅಳತೆಯನ್ನು ತಾನರಿತು ಹಿಂದೆಗೆಯುವುದೂ ವಿದ್ಯೆಯ ಫಲವೇ ಎಂಬುದನ್ನು ತಾಯ್ತಂದೆಗಳು ಮಕ್ಕಳಿಗೆ ನಮಗಿಂತ ಮೊದಲೇ ಕಲಿಸಲಿ.