ನಿರ್ಲಕ್ಷ್ಯ ನಮ್ಮದಲ್ಲ

ಸಂಪಾದಕರಿಗೆ,

ಕಳೆದ ಭಾನುವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆದ ಕಳ್ಳತನ ತಡೆ ಜಾಗೃತಿ ಸಭೆಯ ವರದಿಯನ್ನು ನಿಮ್ಮ ಪತ್ರಿಕೆ ಮೂರನೇ ಪುಟದಲ್ಲಿ ಪ್ರಕಟಿಸಿದೆ. ‘ಮನೆಗೆ ಬೀಗ ಹಾಕಿ ಊರಿಗೆ ಹೋಗುವವರ ನಿರ್ಲಕ್ಷ್ಯವೇ ಕಳ್ಳತನಕ್ಕೆ ಕಾರಣ’ ಎಂಬ ಅಧಿಕಾರಿಯ ಮಾತನ್ನು ದಪ್ಪಕ್ಷರದಲ್ಲಿ ಹಾಕಿದ್ದೀರಿ. ಉದಾಹರಣೆಯಾಗಿ ಅವರು ಎತ್ತಿದ ‘ಎರಡನೇ ಅಡ್ಡರಸ್ತೆಯ ಮೇಷ್ಟ್ರಮ್ಮನ ಮನೆ’ ನನ್ನದು. ನಾನು ಅದೇ ಸಭೆಯಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದೆ. ಮಾತಾಡಲು ಕೈ ಎತ್ತಿದೆ, ಸಮಯವಿಲ್ಲ ಎಂದರು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ಊರವರೆದುರು ನಿರ್ಲಕ್ಷ್ಯದ ಮಾದರಿಯಾಗಿ ತಲೆ ತಗ್ಗಿಸಿ ಕೂರಬೇಕಾಯಿತು.

ನಮ್ಮ ನಿರ್ಲಕ್ಷ್ಯ ಯಾವುದು? ಆಗಸ್ಟ್ 8, ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಎಷ್ಟೋ ಮನೆಗಳವರಂತೆ ನಾವೂ ಲಾಕರಿನಿಂದ ಒಡವೆ ತಂದು ಅಮ್ಮನವರಿಗೆ ಹಾಕಿದ್ದೆವು. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಬ್ಯಾಂಕು ಎರಡು ದಿನವೂ ಮುಚ್ಚಿತ್ತು. ಶನಿವಾರ ಬೆಳಿಗ್ಗೆ ಊರಿನಲ್ಲಿ ಭಾವನವರಿಗೆ ಲಕ್ವ ಹೊಡೆದ ಸುದ್ದಿ ಬಂತು. ಬಸ್ಸಿನಲ್ಲಿ ಒಡವೆ ಹೊತ್ತುಕೊಂಡು ಆಸ್ಪತ್ರೆಗೆ ಹೋಗುವುದು ಇನ್ನೂ ಅಪಾಯವೆನಿಸಿ ಬೀರುವಿನಲ್ಲೇ ಇಟ್ಟೆವು. ಹೊರಡುವ ಮುಂಚೆ ನನ್ನ ಯಜಮಾನರು ಠಾಣೆಗೆ ಹೋಗಿ, ಸೋಮವಾರದವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ, ರಾತ್ರಿ ಗಸ್ತಿನವರು ಈ ಕಡೆ ಒಂದು ಕಣ್ಣಿಡಿ ಎಂದು ಬರೆದುಕೊಟ್ಟರು. ಮೊಹರು ಹಾಕಿದ ಪ್ರತಿ ನನ್ನ ಬಳಿ ಇದೆ. ಸಂಪಾದಕರೇ, ಈ ಪತ್ರದ ಜೊತೆ ಅದರ ಜೆರಾಕ್ಸ್ ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ.

ಅಷ್ಟೇ ಅಲ್ಲ. ಪೇಪರ್ ಹುಡುಗನಿಗೆ, ಹಾಲಿನವಳಿಗೆ ಎರಡು ದಿನ ಬೇಡ ಎಂದಿದ್ದೆವು. ಬೆಳಗ್ಗೆ ಹೊಸ್ತಿಲಲ್ಲಿ ರಂಗೋಲಿ ಇಲ್ಲದ ಮನೆಯನ್ನು ಕಳ್ಳ ದೂರದಿಂದಲೇ ಗುರುತಿಸುತ್ತಾನೆಂದು ಎದುರುಮನೆಯ ಹುಡುಗಿಗೆ ಹೇಳಿ ಭಾನುವಾರ ನೀರು ಹಾಕಿ ರಂಗೋಲಿ ಬಿಡಿಸಿದ್ದೆವು. ತೂಗುಬೀಗ ಕಾಣಬಾರದೆಂದು ಒಳಬೀಗ ಹಾಕಿದ್ದೆವು. ನಡುಮನೆಯ ದೀಪ ಉರಿಯುತ್ತಲೇ ಇತ್ತು. ಸಭೆಯಲ್ಲಿ ಹಂಚಿದ ಕರಪತ್ರದಲ್ಲಿ ಇದಕ್ಕಿಂತ ಹೆಚ್ಚಿನದು ಏನೂ ಇಲ್ಲ. ಅಧಿಕಾರಿಗಳು ನವೆಂಬರಿನಲ್ಲಿ ಹೇಳಿದ್ದನ್ನೆಲ್ಲ ನಾವು ಆಗಸ್ಟಿನಲ್ಲೇ ಮಾಡಿದ್ದೆವು.

ಭಾನುವಾರ ರಾತ್ರಿ ಹಿಂಬಾಗಿಲು ಮೀಟಿ ಒಳಹೊಕ್ಕರು. ಟಿವಿಯ ಕೆಳಗಿದ್ದ ಕ್ಯಾಮೆರಾದ ಡಿವಿಆರ್ ಕಿತ್ತುಕೊಂಡು ಹೋದರು. ನನ್ನ ಅತ್ತೆಯವರ ಕಾಸಿನ ಸರ, ನನ್ನ ಎರಡೆಳೆ ಸರ, ಮೊಮ್ಮಗಳಿಗೆಂದು ಮಾಡಿಸಿದ ಓಲೆ, ಎಲ್ಲವೂ ಹೋಯಿತು. ಬೆರಳಚ್ಚಿನವರು ಬಂದರು, ಮಹಜರು ಆಯಿತು. ಆದರೆ ಎಫ್‌ಐಆರ್ ಕೇಳಿದರೆ, ಒಡವೆಯ ರಸೀದಿ ತನ್ನಿ ಎಂದರು. ಅತ್ತೆಯವರ ಮದುವೆಗೆ ಊರಿನ ಅಕ್ಕಸಾಲಿಗ ಮನೆ ಜಗಲಿಯಲ್ಲಿ ಕೂತು ಮಾಡಿಕೊಟ್ಟ ಸರ ಅದು. ಆತ ರಸೀದಿ ಬರೆದುಕೊಟ್ಟಿದ್ದನೇ? ಕದ್ದವನನ್ನು ಹುಡುಕುವ ಮೊದಲು ಕಳೆದುಕೊಂಡವರನ್ನೇ ಅನುಮಾನಿಸಿದ ಆ ಪ್ರಶ್ನೆ ಒಡವೆ ಹೋದದ್ದಕ್ಕಿಂತ ಹೆಚ್ಚು ನೋಯಿಸಿತು.

ಕಾನೂನು ನನಗೆ ಆಗ ಗೊತ್ತಿರಲಿಲ್ಲ. ವಕೀಲನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿಕೊಟ್ಟ. ಇಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅದರ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಠಾಣೆ ನಿರಾಕರಿಸಿದರೆ ಅಂಚೆಯ ಮೂಲಕ ಎಸ್‌ಪಿಗೆ ಬರೆಯಬಹುದು. ನಾನು ಬರೆಯುತ್ತೇನೆಂದ ಮೇಲೆಯೇ, ಆಗಸ್ಟ್ 14ರಂದು, ಎಫ್‌ಐಆರ್ ಆಯಿತು. ರಾತ್ರಿ ಹೊತ್ತು ಮನೆಯೊಡೆದು ಕದ್ದವನಿಗೆ 14 ವರ್ಷದವರೆಗೆ ಶಿಕ್ಷೆ ಕೊಡಬಹುದೆಂದು ನ್ಯಾಯ ಸಂಹಿತೆ ಹೇಳುತ್ತದೆ. ಅಷ್ಟು ದೊಡ್ಡ ಅಪರಾಧವನ್ನು ಬರೆದುಕೊಳ್ಳಲು ಮೂರು ದಿನ ಅಲೆಸಿದರು. ಇದು ಯಾರ ನಿರ್ಲಕ್ಷ್ಯ?

ಇನ್ನು ಬೀದಿದೀಪದ ಮಾತು. ನಮ್ಮ ಅಡ್ಡರಸ್ತೆಯ ನಾಲ್ಕು ಕಂಬಗಳಲ್ಲಿ ಯುಗಾದಿಯಿಂದ ಒಂದೂ ಉರಿದಿಲ್ಲ. ನಗರಸಭೆಯವರು ವಿದ್ಯುತ್ ಕಂಪನಿಯವರನ್ನು ಕೇಳಿ ಎನ್ನುತ್ತಾರೆ, ಅವರು ಗುತ್ತಿಗೆದಾರನನ್ನು ತೋರಿಸುತ್ತಾರೆ, ಗುತ್ತಿಗೆದಾರ ಫೋನ್ ಎತ್ತುವುದಿಲ್ಲ. ಆ ರಾತ್ರಿ ಹುಣ್ಣಿಮೆಯ ಮರುದಿನವಾದರೂ ಶ್ರಾವಣದ ಮೋಡ ಕವಿದು ಕಗ್ಗತ್ತಲು. ನಾಯಿ ಬೊಗಳಿದ್ದಕ್ಕೆ ಪಕ್ಕದ ಮನೆಯವರು ಎದ್ದು ಕಿಟಕಿ ತೆರೆದು ನೋಡಿದ್ದಾರೆ; ಏನೂ ಕಾಣದೆ ಮತ್ತೆ ಮಲಗಿದ್ದಾರೆ. ಒಂದೇ ಒಂದು ಬಲ್ಬು ಉರಿದಿದ್ದರೆ ಅವರು 112ಕ್ಕೆ ಫೋನ್ ಮಾಡುತ್ತಿದ್ದರು. ದೀಪದ ತೆರಿಗೆಯನ್ನು ಮನೆ ಕಂದಾಯದ ಜೊತೆ ತಪ್ಪದೆ ಕಟ್ಟಿದ್ದೇವೆ. ಮೂಲೆಯ ಗೋಡೆಗೆ ಹಿಂದೆ ಗಸ್ತಿನ ಪೇದೆ ಬಂದು ರುಜು ಹಾಕುವ ಪುಸ್ತಕದ ಪೆಟ್ಟಿಗೆಯೊಂದಿತ್ತು. ರಾತ್ರಿ ಅವರ ಸೀಟಿ ಕೇಳಿ ನಿದ್ದೆ ಹೋಗುತ್ತಿದ್ದೆವು. ಪೆಟ್ಟಿಗೆ ಈಗಲೂ ಇದೆ, ತುಕ್ಕು ಹಿಡಿದು, ಖಾಲಿ.

ನಮ್ಮ ಪೊಲೀಸರಿಗೆ ಕೈಲಾಗದು ಎಂದು ನಾನು ಹೇಳುತ್ತಿಲ್ಲ. ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ 2024ರ ಅಕ್ಟೋಬರಿನಲ್ಲಿ ಸ್ಟೇಟ್ ಬ್ಯಾಂಕಿನ ಕಿಟಕಿ ಸರಳು ತೆಗೆದು 17 ಕಿಲೋಗೂ ಹೆಚ್ಚು ಚಿನ್ನ ಕದ್ದರು. ಅಲ್ಲಿಯೂ ಡಿವಿಆರ್ ಹೊತ್ತೊಯ್ದಿದ್ದರು. ಆದರೂ ಕರ್ನಾಟಕದ ಪೊಲೀಸರೇ ಐದಾರು ತಿಂಗಳು ಬೆನ್ನು ಬಿಡದೆ ತಮಿಳುನಾಡಿನ ಮಧುರೈ ಜಿಲ್ಲೆಯ ಬಾವಿಯೊಳಗಿಂದ ಆ ಚಿನ್ನವನ್ನು ಮೇಲೆತ್ತಿಸಿದರು. ಅದನ್ನು ಓದಿ ಹೆಮ್ಮೆಪಟ್ಟವಳು ನಾನು. ಅಂಥ ಇಲಾಖೆಯ ಅಧಿಕಾರಿ ವೇದಿಕೆ ಹತ್ತಿ ನಿರ್ಲಕ್ಷ್ಯ ನಿಮ್ಮದು ಎಂದರೆ ಸಹಿಸುವುದು ಹೇಗೆ? ಬ್ಯಾಂಕಿನ ಚಿನ್ನ ಚಿನ್ನ, ನಿವೃತ್ತ ಶಿಕ್ಷಕಿಯ ಕಾಸಿನ ಸರ ಚಿನ್ನವಲ್ಲವೇ?

ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು ಅದೇ ಸುರಕ್ಷಾ ಸಂಹಿತೆ ಹೇಳುತ್ತದೆ. ನವೆಂಬರ್ 12ಕ್ಕೆ 90 ದಿನ ಮುಗಿಯಿತು. ಕಾಗದವಿಲ್ಲ, ಫೋನಿಲ್ಲ. ನನ್ನ ಮಾತಿಗೂ ಅದೇ ಮೂರನೇ ಪುಟದಲ್ಲಿ ಜಾಗ ಕೊಡಿ; ಮೊಹರು ಬಿದ್ದ ಪತ್ರ ಆ ಶನಿವಾರ ಯಾರ ಮೇಜಿನ ಮೇಲೆ ಉಳಿಯಿತು ಎಂದು ನಿಮ್ಮ ವರದಿಗಾರರು ಅದೇ ಅಧಿಕಾರಿಯನ್ನು ಕೇಳಿ ಬರೆಯಲಿ.

ನೊಂದ ನಿವೃತ್ತ ಶಿಕ್ಷಕಿ,
ಎರಡನೇ ಅಡ್ಡರಸ್ತೆ