ಬ್ಯಾಟಿಗೆ ತಾಗಿದ್ದನ್ನು ಬಲ್ಲವನ ಹೊಣೆ

ಚೆಂಡು ತನ್ನ ಬ್ಯಾಟಿನ ಅಂಚನ್ನು ಸವರಿಕೊಂಡು ಹೋಗಿ ವಿಕೆಟ್ ಕೀಪರನ ಕೈಸೇರಿತೆಂದು ಬಲ್ಲ ಬ್ಯಾಟ್ಸ್‌ಮನ್, ಅಂಪೈರನ ಬೆರಳು ಮೇಲೇಳುವುದನ್ನು ಕಾಯದೆ ತಾನಾಗಿ ಪೆವಿಲಿಯನ್ನಿನತ್ತ ಹೊರಡುವುದಕ್ಕೆ ಕ್ರಿಕೆಟ್ಟಿನ ಮಾತಿನಲ್ಲಿ ‘ವಾಕ್ ಮಾಡುವುದು’ ಎಂಬ ಹೆಸರಿದೆ. ಹಾಗೆ ಹೊರಟವನನ್ನು ಪತ್ರಿಕೆಗಳೂ ವೀಕ್ಷಕ ವಿವರಣೆಕಾರರೂ ದೊಡ್ಡ ಮನಸ್ಸಿನವನೆಂದು ಹೊಗಳುತ್ತಾರೆ. ಹೊರಡದೆ ನಿಂತವನನ್ನು ವೃತ್ತಿಪರನೆಂದು ಸಮರ್ಥಿಸುತ್ತಾರೆ. ಎರಡೂ ಮಾತು ಒಂದೇ ಬಾಯಿಂದ ಬರಲು ಸಾಧ್ಯವಾಗಿರುವುದು ‘ಔದಾರ್ಯ’ ಎಂಬ ಪದವನ್ನು ಇಲ್ಲಿ ತಪ್ಪಾಗಿ ಬಳಸುತ್ತಿರುವುದರಿಂದ. ವಾಕ್ ಮಾಡುವುದು ದಾನವಾದರೆ ದಾನ ಕೊಡದವನು ತಪ್ಪಿತಸ್ಥನಾಗುವುದಿಲ್ಲ. ಆದರೆ ತನ್ನದಲ್ಲದ ಇನ್ನಿಂಗ್ಸನ್ನು ಬಿಟ್ಟುಕೊಡುವುದಕ್ಕೆ ದಾನವೆಂಬ ಹೆಸರೇಕೆ?

ಈ ಪದ ಅತಿ ಹೆಚ್ಚು ಅಂಟಿಕೊಂಡಿರುವುದು ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರ ಹೆಸರಿಗೆ. 1980ರ ಫೆಬ್ರುವರಿಯಲ್ಲಿ, ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಸುವರ್ಣ ಮಹೋತ್ಸವದ ನೆನಪಿಗೆಂದು ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ವಿರುದ್ಧ ಒಂದೇ ಟೆಸ್ಟ್ ನಡೆಯಿತು. ನಡುವೆ ಬಂದ ಸೂರ್ಯಗ್ರಹಣಕ್ಕಾಗಿ ವಿಶ್ರಾಂತಿಯ ದಿನವನ್ನೇ ಹೊಂದಿಸಿಕೊಂಡ ಅಪರೂಪದ ಪಂದ್ಯವದು. ಭಾರತದ 242 ರನ್ನಿಗೆ ಉತ್ತರವಾಗಿ ಆಡಿದ ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು, ಇಯಾನ್ ಬಾಥಮ್ ಮತ್ತು ವಿಕೆಟ್ ಕೀಪರ್ ಬಾಬ್ ಟೇಲರ್ ಆಡುತ್ತಿದ್ದಾಗ, ಕಪಿಲ್ ದೇವ್ ಅವರ ಎಸೆತವೊಂದಕ್ಕೆ ಟೇಲರ್ ಕೀಪರ್ ಕ್ಯಾಚ್ ಔಟೆಂದು ಅಂಪೈರ್ ಹನುಮಂತರಾವ್ ತೀರ್ಪು ಕೊಟ್ಟರು. ಟೇಲರ್ ಅರೆಮನಸ್ಸಿನಿಂದ ತಡೆದು ನಿಂತರು. ಮೊದಲ ಸ್ಲಿಪ್ಪಿನಲ್ಲಿ, ಅಂದರೆ ಕೀಪರನ ಪಕ್ಕದಲ್ಲಿ, ಚೆಂಡು ಬ್ಯಾಟನ್ನು ದಾಟುವುದು ನೇರ ಕಣ್ಣಿಗೆ ಬೀಳುವ ಜಾಗದಲ್ಲಿ ನಿಂತಿದ್ದ ನಾಯಕ ವಿಶ್ವನಾಥ್, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಅಂಪೈರರಿಗೆ ಹೇಳಿ ತೀರ್ಪನ್ನು ಹಿಂದಕ್ಕೆ ಪಡೆಯುವಂತೆ ಮಾಡಿದರು. ಬಾಥಮ್ 114 ರನ್ ಹೊಡೆದರು, ಟೇಲರ್ 43. ಆರನೆಯ ವಿಕೆಟ್ಟಿಗೆ 171 ರನ್ ಕೂಡಿತು. ಇಂಗ್ಲೆಂಡ್ 296ಕ್ಕೆ ತಲುಪಿತು, ಎರಡನೆಯ ಸರದಿಯಲ್ಲಿ ಭಾರತ 149ಕ್ಕೆ ಕುಸಿಯಿತು, ಇಂಗ್ಲೆಂಡ್ ಹತ್ತು ವಿಕೆಟ್‌ಗಳಿಂದ ಗೆದ್ದಿತು.

ವಿಶ್ವನಾಥರ ಅಭಿಮಾನಿಗಳು ಇಲ್ಲಿ ಒಂದು ಸುಲಭದ ಸಮಾಧಾನ ಹೇಳಿಕೊಳ್ಳುವುದುಂಟು: ಬಾಥಮ್ ಆ ಪಂದ್ಯದಲ್ಲಿ ಶತಕದ ಜೊತೆಗೆ 13 ವಿಕೆಟ್ ಕಿತ್ತರು, ಟೇಲರ್ ಹತ್ತು ಕ್ಯಾಚ್ ಹಿಡಿದರು, ಆದ್ದರಿಂದ ಭಾರತ ಹೇಗೂ ಸೋಲುತ್ತಿತ್ತು ಎಂಬುದು ಆ ಸಮಾಧಾನ. ಇದು ವಾದವನ್ನು ದುರ್ಬಲಗೊಳಿಸುತ್ತದೆ. 58ಕ್ಕೆ ಐದು ವಿಕೆಟ್ ಬಿದ್ದ ತಂಡದ ಆರನೆಯ ವಿಕೆಟ್ಟೂ ಬೇಗ ಉರುಳಿದ್ದರೆ ಪಂದ್ಯ ಬೇರೆ ದಾರಿ ಹಿಡಿಯಬಹುದಿತ್ತು. ಟೇಲರ್ ಮರಳಿ ಬಂದದ್ದರಿಂದ ಭಾರತಕ್ಕೆ ನಷ್ಟವಾಯಿತು ಎಂಬುದನ್ನು ಒಪ್ಪಿಕೊಂಡೇ ವಿಶ್ವನಾಥ್ ಮಾಡಿದ್ದು ಸರಿ ಎನ್ನಬೇಕು. ಅವರು ಭಾರತದ ಕೈಯಲ್ಲಿದ್ದ ವಿಕೆಟ್ಟನ್ನು ಎದುರಾಳಿಗೆ ಕಾಣಿಕೆ ಕೊಟ್ಟರೆಂಬ ಆರೋಪ ನಿಲ್ಲುವುದಿಲ್ಲ, ಏಕೆಂದರೆ ಆ ವಿಕೆಟ್ ಭಾರತಕ್ಕೆ ಬಿದ್ದೇ ಇರಲಿಲ್ಲ. ನಡೆದದ್ದನ್ನು ಕಣ್ಣಾರೆ ಕಂಡವರು, ಕಾಣದೆ ತೀರ್ಪು ಕೊಟ್ಟವರಿಗೆ ಸಾಕ್ಷಿ ಹೇಳಿದರು, ಮಾಡಿದ್ದು ಅಷ್ಟೇ. ವಾಕ್ ಮಾಡುವ ಬ್ಯಾಟ್ಸ್‌ಮನ್ನನೂ ಇದನ್ನೇ ಮಾಡುತ್ತಾನೆ, ಬ್ಯಾಟ್ ಹಿಡಿದ ಕಡೆಯಿಂದ.

ಆಟದ ನಿಯಮಗಳೂ ಈ ತಿಳಿವಳಿಕೆಗೆ ವಿರುದ್ಧವಾಗಿಲ್ಲ. ನಿಯಮಗಳನ್ನು ರೂಪಿಸುವ ಲಂಡನ್ನಿನ ಎಂಸಿಸಿ ಸಂಸ್ಥೆಯ ಈಗಿನ ಸಂಹಿತೆಯ 31ನೆಯ ನಿಯಮವು ಅಪೀಲಿಗೆ ಸಂಬಂಧಿಸಿದ್ದು. ಫೀಲ್ಡಿಂಗ್ ತಂಡ ಕೇಳದ ಹೊರತು ಅಂಪೈರ್ ಯಾರನ್ನೂ ಔಟ್ ಕೊಡುವಂತಿಲ್ಲ ಎನ್ನುವ ಅದೇ ನಿಯಮ, ನಿಜವಾಗಿ ಔಟಾದವನು ಅಪೀಲಿಲ್ಲದೆಯೂ ಹೊರಟುಹೋಗುವುದಕ್ಕೆ ಅಡ್ಡಿಯಿಲ್ಲವೆಂದೂ, ಅಂಪೈರನ ಒಪ್ಪಿಗೆ ಪಡೆದು ಫೀಲ್ಡಿಂಗ್ ನಾಯಕನು ಅಪೀಲನ್ನು ಹಿಂತೆಗೆದುಕೊಳ್ಳಬಹುದೆಂದೂ ಹೇಳುತ್ತದೆ. ಬ್ಯಾಟ್ಸ್‌ಮನ್ನನಿಗೂ ನಾಯಕನಿಗೂ ಹೀಗೆ ಎರಡು ಬಾಗಿಲುಗಳನ್ನು ತೆರೆದಿಟ್ಟಿರುವಾಗ, ತೀರ್ಪೆಲ್ಲ ಅಂಪೈರನದು, ಆಟಗಾರನಿಗೆ ಅದರಲ್ಲಿ ಕೆಲಸವಿಲ್ಲ ಎಂಬ ಮಾತಿಗೆ ನಿಯಮಪುಸ್ತಕದ ಆಸರೆ ಸಿಗುವುದಿಲ್ಲ.

ಈ ಮಾತಿನ ಪೊಳ್ಳುತನ ಎಲ್ಲರಿಗಿಂತ ಚೆನ್ನಾಗಿ ಭಾರತೀಯರಿಗೇ ತಿಳಿದಿರಬೇಕು. 2008ರ ಜನವರಿಯ ಸಿಡ್ನಿ ಟೆಸ್ಟಿನಲ್ಲಿ 30 ರನ್ ಗಳಿಸಿದ್ದ ಆಸ್ಟ್ರೇಲಿಯದ ಆಂಡ್ರ್ಯೂ ಸೈಮಂಡ್ಸ್, ಇಶಾಂತ್ ಶರ್ಮಾರ ಎಸೆತವನ್ನು ಧೋನಿಯ ಕೈಗೆ ಸವರಿಯೂ ಅಲ್ಲಾಡದೆ ನಿಂತರು. ಅಂಪೈರ್ ಸ್ಟೀವ್ ಬಕ್ನರ್ ಔಟ್ ಕೊಡಲಿಲ್ಲ. ಸೈಮಂಡ್ಸ್ 162 ರನ್ ಗಳಿಸಿ ಅಜೇಯರಾಗಿ ಉಳಿದರು ಮತ್ತು ತಾನು ಔಟಾಗಿದ್ದೆನೆಂದು ಆಮೇಲೆ ತಾವೇ ಒಪ್ಪಿಕೊಂಡರು. ಅದೇ ಪಂದ್ಯದಲ್ಲಿ ಮೈಕೆಲ್ ಕ್ಲಾರ್ಕ್ ಸ್ಲಿಪ್ಪಿಗೆ ಕ್ಯಾಚ್ ಕೊಟ್ಟೂ ತೀರ್ಪಿಗಾಗಿ ಕಾದರು. ಭಾರತ 122 ರನ್ನುಗಳಿಂದ ಸೋತ ಮೇಲೆ, ಬೆಂಗಳೂರಿನ ಅನಿಲ್ ಕುಂಬ್ಳೆ ನಾಯಕನಾಗಿ ಪತ್ರಕರ್ತರ ಮುಂದೆ ಕುಳಿತು, ಒಂದೇ ತಂಡ ಆಟದ ಧರ್ಮಕ್ಕೆ ತಕ್ಕಂತೆ ಆಡಿತೆಂದು ಹೇಳಿದ್ದನ್ನು ದೇಶವೇ ಮೆಚ್ಚಿತು. ಕುಂಬ್ಳೆಯವರ ಮಾತಿನ ಘನತೆಯನ್ನು ಇಲ್ಲಿ ಯಾರೂ ಪ್ರಶ್ನಿಸಬೇಕಾಗಿಲ್ಲ. ಪ್ರಶ್ನಿಸಬೇಕಾದದ್ದು ಅದಕ್ಕೆ ಚಪ್ಪಾಳೆ ತಟ್ಟಿದವರನ್ನು. ಸೈಮಂಡ್ಸ್ ನಿಂತದ್ದು ಮೋಸವಾದರೆ, ಭಾರತದ ಬ್ಯಾಟ್ಸ್‌ಮನ್ ಹಾಗೆಯೇ ನಿಂತಾಗ ಅದು ‘ಅದೃಷ್ಟ’ವೂ ‘ಜೀವದಾನ’ವೂ ಆಗುವುದು ಹೇಗೆ? ಕನ್ನಡದ ಕ್ರೀಡಾಪುಟಗಳಲ್ಲಿ ಈ ಎರಡು ಪದಗಳು ಎಷ್ಟು ಸಲೀಸಾಗಿ ಬಂದುಹೋಗುತ್ತವೆ ಎಂಬುದನ್ನು ಗಮನಿಸಿದವರಿಗೆ ಬೇರೆ ಪುರಾವೆ ಬೇಡ.

ನಿಲ್ಲುವವರ ಪರವಾದ ವಾದಗಳಲ್ಲಿ ಬಹಳ ಕೇಳಿಬರುವುದು ಲೆಕ್ಕದ ವಾದ: ಔಟಾಗದಿದ್ದಾಗಲೂ ಅಂಪೈರ್ ಔಟ್ ಕೊಡುತ್ತಾನೆ, ಆದ್ದರಿಂದ ಔಟಾದಾಗ ಕೊಡದೆ ಹೋದದ್ದನ್ನು ಇಟ್ಟುಕೊಂಡರೆ ಜಮಾಖರ್ಚು ಸರಿಹೋಗುತ್ತದೆ ಎಂಬುದು. ಇದು ನಂಬಿಕೆಗೆ ತಕ್ಕ ಲೆಕ್ಕವಲ್ಲ. ನಿನ್ನೆ ಮೈಸೂರಿನಲ್ಲಿ ಒಬ್ಬ ಅಂಪೈರ್ ಮಾಡಿದ ತಪ್ಪಿನ ಬಾಕಿಯನ್ನು ಇಂದು ಹುಬ್ಬಳ್ಳಿಯ ಬೌಲರನಿಂದ ವಸೂಲು ಮಾಡುವ ಲೆಕ್ಕ. ಎರಡನೆಯ ವಾದಕ್ಕೆ ಇನ್ನೂ ಸ್ವಲ್ಪ ತೂಕವಿದೆ: ಕೆಲವರು ಶತಕ ಮುಗಿದ ಮೇಲೆ ಧಾರಾಳವಾಗಿ ಹೊರಟು, ಆ ಹೆಸರಿನ ಬಲದಿಂದ ಸೊನ್ನೆಯಲ್ಲಿದ್ದಾಗ ಅಂಪೈರನ ಸಂದೇಹದ ಲಾಭ ಪಡೆಯುತ್ತಾರೆಂಬುದು ಆಟಗಾರರೇ ಆಡಿಕೊಳ್ಳುವ ದೂರು, ಮತ್ತು ಅಂಥವರು ಎಂದೂ ವಾಕ್ ಮಾಡದವರಿಗಿಂತ ಕೀಳು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಳ್ಳತೂಕದ ವರ್ತಕನೊಬ್ಬ ಇದ್ದಾನೆಂದು ತಕ್ಕಡಿಯನ್ನೇ ಎಸೆಯುವವರುಂಟೆ? ಹೊಟ್ಟೆಪಾಡಿನ ವಾದವೂ ಇದೆ; 2003ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಅಂಪೈರ್ ಔಟ್ ಕೊಡದಿದ್ದರೂ 22 ರನ್ನಿಗೆ ತಾವೇ ಹೊರಟ ಆಡಮ್ ಗಿಲ್‌ಕ್ರಿಸ್ಟ್‌ಗೂ ಕ್ರಿಕೆಟ್ಟೇ ಹೊಟ್ಟೆಪಾಡಾಗಿತ್ತು ಎಂದಷ್ಟೇ ಅದಕ್ಕೆ ಉತ್ತರ.

ಈ ಹೊಣೆಗೆ ಒಂದು ಗಡಿ ಇದೆ ಮತ್ತು ಅದನ್ನು ತೋರಿಸಿದವರೂ ಕರ್ನಾಟಕದವರೇ. 2011ರ ಆಗಸ್ಟಿನ ಎಡ್ಜ್‌ಬಾಸ್ಟನ್ ಟೆಸ್ಟಿನಲ್ಲಿ ಜೇಮ್ಸ್ ಆಂಡರ್ಸನ್ ಎಸೆತಕ್ಕೆ ರಾಹುಲ್ ದ್ರಾವಿಡ್ ಕೀಪರ್ ಕ್ಯಾಚೆಂದು ಔಟಾದಾಗ, ತೀರ್ಪನ್ನು ಟಿವಿ ಅಂಪೈರಿಗೆ ಒಪ್ಪಿಸುವ ಡಿಆರ್‌ಎಸ್ ಅವಕಾಶ ಕೈಯಲ್ಲಿದ್ದರೂ ಬಳಸದೆ ಹೊರನಡೆದರು. ಸದ್ದು ಕೇಳಿಸಿತ್ತು, ತಾಗಿರಬೇಕೆಂದು ಅವರೇ ನಂಬಿದ್ದರು. ಬ್ಯಾಟು ಬಡಿದದ್ದು ಶೂಲೇಸಿನ ತುದಿಗೆ ಎಂದು ಆಮೇಲೆ ಮರುದೃಶ್ಯ ತೋರಿಸಿತು. ಪ್ರಾಮಾಣಿಕನಿಗೂ ತಪ್ಪು ತಿಳಿವಳಿಕೆ ಇರಬಹುದು. ಆದುದರಿಂದ ಬ್ಯಾಟ್ಸ್‌ಮನ್ನನ ಮೇಲೆ ಹೊರಿಸಬಹುದಾದದ್ದು ಅವನು ಖಚಿತವಾಗಿ ಬಲ್ಲದ್ದರ ಹೊಣೆ ಮಾತ್ರ. ಎಲ್‌ಬಿಡಬ್ಲ್ಯೂನಲ್ಲಿ ಚೆಂಡು ಸ್ಟಂಪಿಗೆ ಬಡಿಯುತ್ತಿತ್ತೇ ಎಂಬುದು ಅವನಿಗೆ ತಿಳಿಯುವಂಥದ್ದಲ್ಲ, ಅದನ್ನು ಅಂಪೈರಿಗೇ ಬಿಡಬೇಕು. ಕೈಗೆ ಬಂದ ಚೆಂಡು ನೆಲಕ್ಕೆ ಬಡಿದು ಬಂತೋ ಇಲ್ಲವೋ ಎಂಬುದು ಫೀಲ್ಡರನಿಗೆ ತಿಳಿಯುತ್ತದೆ. 2019ರ ಜನವರಿಯಲ್ಲಿ ಸಿಡ್ನಿಯಲ್ಲೇ ಮಂಗಳೂರಿನ ಕೆ.ಎಲ್. ರಾಹುಲ್, ಮುಂದಕ್ಕೆ ಹಾರಿ ಹಿಡಿದ ಚೆಂಡು ನೆಲ ಮುಟ್ಟಿತ್ತೆಂದು ಕೂಡಲೇ ಕೈಸನ್ನೆ ಮಾಡಿದರು, ಅಂಪೈರ್ ಇಯಾನ್ ಗೌಲ್ಡ್ ನಿಂತಲ್ಲೇ ಮೆಚ್ಚುಗೆ ಸೂಚಿಸಿದರು.

ಸವರಿದ ಸದ್ದನ್ನು ಗೆರೆಯಾಗಿ ತೋರಿಸುವ ಯಂತ್ರಗಳು ಬಂದಿರುವಾಗ ವಾಕ್ ಮಾಡುವ ಮಾತೇ ಹಳತಾಯಿತೆಂದು ಹೇಳುವವರು ಐಹೊಳೆಯ ಸುತ್ತಿನ ಆಟವನ್ನು ನೋಡಬೇಕು. ಹಿಂಗಾರಿ ಜೋಳ, ಕಡಲೆ ಕಿತ್ತು ಎರೆಹೊಲ ಖಾಲಿಯಾದ ಮೇಲೆ ಹುನಗುಂದ, ಇಳಕಲ್ಲ, ಬಾದಾಮಿ ಸೀಮೆಯ ಹಳ್ಳಿಗಳಲ್ಲಿ ನಡೆಯುವ ಟೆನಿಸ್‌ಬಾಲ್ ಆಟಕ್ಕೆ ಯಂತ್ರವೂ ಇಲ್ಲ, ಮೂರನೆಯವನೂ ಇಲ್ಲ. ಬ್ಯಾಟಿಂಗ್ ತಂಡದವನೇ ಅಂಪೈರ್. ತನ್ನವನೇ ಔಟಾದಾಗ ಬೆರಳೆತ್ತಲು ಅವನ ಕೈ ಏಳುವುದಿಲ್ಲ, ಫೀಲ್ಡರುಗಳು ‘ಹತ್ತೇತಿ’ ಎನ್ನುತ್ತಾರೆ, ಬ್ಯಾಟ್ ಹಿಡಿದವನು ‘ದೇವರಾಣಿ ಹತ್ತಿಲ್ಲ’ ಎನ್ನುತ್ತಾನೆ. ಆಣೆಯೇ ಅಲ್ಲಿನ ಡಿಆರ್‌ಎಸ್, ಮತ್ತು ಆಣೆ ಇಟ್ಟ ಮೇಲೆ ಆಟ ಮುಂದುವರಿಯುತ್ತದೆ. ಎದುರಿನವನು ಸುಳ್ಳು ಆಣೆ ಇಡುತ್ತಾನೆ, ಹಾಗಾಗಿ ನಾವೂ ಇಡಬಹುದು ಎಂಬ ತರ್ಕ ಈ ಸೀಮೆಗೆ ಹೊಸದೇನಲ್ಲ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ಕೊಂಡಾಡುವ ವೀರನೂ ಒಳ್ಳೆಯವರಿಗೆ ಒಳ್ಳೆಯವನು, ಪೀಡಿಸುವವರಿಗೆ ಮಾತ್ರ ಬೇರೆಯೇ. ರಣಕ್ಕೆ ಅದು ತಕ್ಕದ್ದಿರಬಹುದು. ಐಹೊಳೆಗೆ ಅದಕ್ಕಿಂತ ಹತ್ತಿರವಾದ ಇನ್ನೊಂದು ಮಾದರಿ ಇದೆ: ಅಯ್ಯಾವೊಳೆಯ ಐನೂರ್ವರು ಎಂಬ ಹೆಸರಿನ ವರ್ತಕರ ಸಂಘ. ದಕ್ಷಿಣ ಭಾರತದ ಉದ್ದಕ್ಕೂ, ಕಡಲಾಚೆಗೂ ವ್ಯಾಪಾರ ಹಬ್ಬಿಸಿದ್ದ ಈ ಸಂಘ ಒಬ್ಬ ಅರಸನ ಅಧಿಕಾರಿಯ ಕಣ್ಣು ಮುಟ್ಟದ ದೂರಗಳಲ್ಲಿ ತಾನೇ ಹಾಕಿಕೊಂಡ ಕಟ್ಟಳೆಯಿಂದ ನಡೆಯುತ್ತಿತ್ತು, ಅದರ ಪ್ರಶಸ್ತಿಗಳು ಸತ್ಯವನ್ನು ಶೌರ್ಯದ ಪಕ್ಕದಲ್ಲೇ ಎಣಿಸುತ್ತವೆ. (ಪ್ರಶಸ್ತಿಗಳನ್ನು ಪೂರ್ತಿ ನಂಬಬೇಕಿಲ್ಲ, ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಕೆತ್ತಿಸಿದ 634ರ ಶಾಸನದಂತೆ ಅವೂ ಹೊಗಳಿಕೆಗೆಂದೇ ಹುಟ್ಟಿದವು. ಸ್ಕೋರ್‌ಕಾರ್ಡೂ ಒಂದು ಪ್ರಶಸ್ತಿಯೇ, ಅದರಲ್ಲಿ ಸೈಮಂಡ್ಸ್ ಹೆಸರಿನ ಮುಂದೆ 162 ಎಂದಷ್ಟೇ ಇದೆ.) ನೋಡುವವನಿಲ್ಲದ ಕಡೆ ತಕ್ಕಡಿ ಹಿಡಿದವನೇ ತೂಕಕ್ಕೆ ಹೊಣೆಯಾಗಬೇಕಾದ ಕಷ್ಟ ಆ ವರ್ತಕನಿಗಿತ್ತು. ಎರೆಹೊಲದ ಬ್ಯಾಟ್ಸ್‌ಮನ್ನನಿಗೆ ಈಗಲೂ ಇದೆ.

ಈ ಬೇಸಿಗೆಯಲ್ಲಿ ಹುನಗುಂದ, ಇಳಕಲ್ಲ ಸೀಮೆಯಲ್ಲಿ ಟೂರ್ನಿ ಕಟ್ಟುವ ಸಮಿತಿಗಳು ಬಹುಮಾನದ ಮೊತ್ತದ ಜೊತೆಗೆ ಒಂದು ಸಾಲನ್ನು ಕರಪತ್ರದಲ್ಲಿ ಅಚ್ಚು ಹಾಕಿಸಲಿ: ಬ್ಯಾಟಿಗೆ ತಾಗಿದ ಕ್ಯಾಚಿಗೆ ಬ್ಯಾಟ್ಸ್‌ಮನ್ ತಾನೇ ಹೊರಡತಕ್ಕದ್ದು, ತಾಗದ್ದಕ್ಕೆ ಕೀಪರ್ ಕೂಗತಕ್ಕದ್ದಲ್ಲ. ಟಾಸಿನ ಹೊತ್ತಿಗೆ ಇಬ್ಬರೂ ನಾಯಕರಿಂದ ಅದಕ್ಕೆ ಹೂಂ ಎನ್ನಿಸಿಕೊಂಡ ಮೇಲೆಯೇ ಆಟ ಶುರುವಾಗಲಿ.